ತಗಡಿನ ಮೇಲೆ ಒಣಗಿದ ಮರ

ನನ್ನ ತಮ್ಮನಿಗೆ ಬೇಕಾಗಿದ್ದು ಒಂದೇ. ತಾನೇ ಜೋಡಿಸಿದ ಬಾಸ್ ಗಿಟಾರನ್ನು ಒಮ್ಮೆ ನುಡಿಸಿ ಕೇಳಬೇಕು. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಅವನ ಗೆಳೆಯನ ಹತ್ತಿರ ಅಂಥದ್ದೊಂದಿತ್ತು. ನಾಲ್ಕೇ ದಪ್ಪ ತಂತಿ. "ಅದರ ದನಿ ಕಿವಿಗೆ ಅಲ್ಲೋ ಅಣ್ಣಾ, ಎದಿಗೆ ಬಡೀತೈತಿ" ಎನ್ನುತ್ತಿದ್ದ.

ಬಿಡಿಭಾಗಗಳ ಪೆಟ್ಟಿಗೆ ಹಳಿಯಾಳದ ಕೊರಿಯರ್ ಅಂಗಡಿಗೆ ಬಂದ ದಿನ ನಾವು ಧಾರವಾಡದಲ್ಲಿ ಡಯಾಲಿಸಿಸ್ ಮುಗಿಸಿ ಮರಳುತ್ತಿದ್ದೆವು. ನಡುವೆ ಇಳಿದು ತೆಗೆದುಕೊಂಡೆವು. ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಿತ್ತು. ಅಂಬೇವಾಡಿಯ ಮನೆ ಮುಟ್ಟುವ ತನಕ ಅವನು ಪೆಟ್ಟಿಗೆಯನ್ನು ತೊಡೆಯಿಂದ ಇಳಿಸಲಿಲ್ಲ. ಆ ದಿನ ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು, ಇನ್ನು ಹೆಚ್ಚು ದಿನವಿಲ್ಲ ಎಂದಿದ್ದರು. ನಾನು ಅವನಿಗೆ ಹೇಳಿರಲಿಲ್ಲ.

ಮನೆಯ ಮುಂದೆಯೇ ನನ್ನ ಬೈಕ್ ಗ್ಯಾರೇಜು. ಅಲ್ಲಿಯೇ ಪೆಟ್ಟಿಗೆ ಬಿಚ್ಚಿದೆವು. ಮರದ ಒಡಲು, ಉದ್ದನೆಯ ಕುತ್ತಿಗೆ, ತಂತಿಗಳು, ಸ್ಕ್ರೂ, ವೈರು, ಜೋಡಿಸುವ ವಿವರವಿದ್ದ ಒಂದು ಹಾಳೆ. ಇಬ್ಬರಿಗೂ ಈ ಕೆಲಸ ಹೊಸದು. ಅವನು ಬಾಗಿಲ ಒಳಗೆ ಖಾಟಿನ ಮೇಲೆ ಕೂತು ಹಾಳೆ ಓದುತ್ತಿದ್ದ, ನಾನು ಮಾಡುತ್ತಿದ್ದೆ. ಒಡಲಿಗೆ ಬಣ್ಣ ಹಚ್ಚಿದ ಮೇಲೆ ನೆರಳಿನಲ್ಲಿ ಒಣಗಲು ಬಿಡಬೇಕು ಎಂಬಲ್ಲಿಗೆ ಬಂದು ಅವನು ಓದು ನಿಲ್ಲಿಸಿದ.

"ಮೂರು ವಾರಂತ" ಅಂದ.

"ಅವರೇನ್ ಬರೀತಾರ. ಬೈಕಿನ ಟ್ಯಾಂಕ್ ನಾ ಒಂದ ದಿನದಾಗ ಒಣಗಸ್ತೇನಿ."

"ಟ್ಯಾಂಕ್ ಬಾರ್ಸಾಕ ಬರೂದಿಲ್ಲಲಾ."

"ನೀ ಬಾರ್ಸೂದು ಕೇಳಿದ್ರ ಟ್ಯಾಂಕ ಛಲೋ ಅನಸ್ತೈತಿ."

ಅವನು ನಕ್ಕ. ಹಾಳೆಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟ.

ನಾನು ಟ್ಯಾಂಕಿಗೆ ಹೊಡೆಯುವ ಕಪ್ಪು ಬಣ್ಣವನ್ನೇ ಹೊಡೆದೆ. ಮರುದಿನ ಬಿಸಿಲೇರುತ್ತಿದ್ದಂತೆ ಒಡಲನ್ನು ಗ್ಯಾರೇಜಿನ ತಗಡಿನ ಮಾಡಿನ ಮೇಲೆ, ಟ್ಯಾಂಕುಗಳನ್ನಿಡುವ ಜಾಗದಲ್ಲಿ ಇಟ್ಟೆ. ಪಕ್ಕದ ಮನೆಯ ಚಾಚಾ ಪ್ಲೈವುಡ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ಅಂಗಳದಿಂದಲೇ ಕೂಗಿದರು.

"ಏ ಮಿಸ್ತ್ರಿ, ಕಟ್ಟಿಗಿ ಐತದು, ತಗಡಲ್ಲ. ಇಳಸು."

"ಇವತ್ತ ಒಂದ ದಿನ, ಚಾಚಾ."

"ನಿನಗ ಅವಸರ ಐತಿ. ಕಟ್ಟಿಗಿಗೆ ಇಲ್ಲ."

ಮಧ್ಯಾಹ್ನ ನಾನೊಂದು ಬೈಕಿಗೆ ಚೈನು ಹಾಕುತ್ತಿದ್ದೆ. ಮೇಲೆ ಟಪ್ ಎಂದಿತು. ಒಂದೇ ಸಲ. ಒಳಗಿನಿಂದ ತಮ್ಮ ಕೇಳಿದ, "ಏನದು ಅಣ್ಣಾ?"

"ತಗಡು ಕಾದೈತಿ" ಎಂದು ಸುಳ್ಳು ಹೇಳಿದೆ. ಏಣಿ ಹತ್ತುವ ಮೊದಲೇ ನನಗೆ ಗೊತ್ತಾಗಿತ್ತು.

ಒಡಲಿನ ಎರಡು ಹಲಗೆಗಳನ್ನು ಅಂಟಿಸಿದ ಗೆರೆ ತಂತಿ ಕಟ್ಟುವ ತುದಿಯಲ್ಲಿ ಬಾಯಿ ಬಿಟ್ಟಿತ್ತು. ಬೆರಳಿನಷ್ಟು ಉದ್ದ, ಕೂದಲಿನಷ್ಟು ತೆಳ್ಳಗೆ. ಚಾಚಾ ಬಂದು ಉಗುರಾಡಿಸಿ ನೋಡಿದರು. ಮರ ತಣ್ಣಗಾಗಿ ಮತ್ತೆ ತೇವ ಹಿಡಿಯಬೇಕು, ಆಮೇಲೆ ಅಂಟು ಹಾಕಿ ಬಿಗಿದಿಡಬೇಕು ಎಂದರು. "ಎಂಟು ದಿನ ಮುಟ್ಟಬ್ಯಾಡ."

ತಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಎಂಟು ದಿನ ಬ್ಯಾಡ ಅಣ್ಣಾ. ಒಂದ ತಂತಿ ಹಾಕು. ದಪ್ಪಂದು."

ನಾನು ಅವನ ಮುಖ ನೋಡಿದೆ. ನಾನು ಹೇಳದೆ ಬಚ್ಚಿಟ್ಟಿದ್ದು ಅವನಿಗೆ ಯಾವಾಗಲೋ ತಿಳಿದಿತ್ತು.

ಕುತ್ತಿಗೆ ಜೋಡಿಸಿ ಒಂದೇ ತಂತಿ ಹಾಕಿದೆ. ಬಿರಡೆಯನ್ನು ಅವನೇ ತಿರುವಿದ. ಒಂದೊಂದು ಸುತ್ತಿಗೂ ಮರ ಕಿರ್ ಎನ್ನುತ್ತಿತ್ತು. ನಾನು ಬಿರುಕಿನ ಮೇಲೆ ಕೈ ಒತ್ತಿ ಹಿಡಿದಿದ್ದೆ. ಸ್ಪೀಕರ್ ಇರಲಿಲ್ಲ. ಅವನು ಗಿಟಾರನ್ನು ಎದೆಯ ಮೇಲಿಟ್ಟುಕೊಂಡು, ದವಡೆಯನ್ನು ಮರಕ್ಕೆ ಆನಿಸಿ ಹೆಬ್ಬೆರಳಿನಿಂದ ಮೀಟಿದ. ನನಗೆ ಹೆಚ್ಚೇನೂ ಕೇಳಿಸಲಿಲ್ಲ. ಅವನು ಕಣ್ಣು ಮುಚ್ಚಿದ್ದ.

"ಹೆಂಗೈತಿ?"

"ಹಳೇ ಡೀಸೆಲ್ ಗಾಡಿ ನಿಂತಲ್ಲೇ ಚಾಲೂ ಇದ್ದಂಗ" ಅಂದ. "ಮೆಕ್ಯಾನಿಕ್ ಕೈಯಾಗ ಕೊಟ್ರ ಹಿಂಗ ಆಗೂದು." ಮತ್ತೆ ಮೀಟಿದ. ಐದು ದಿನ ದಿನವೂ ಮೀಟಿದ. ಆರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟ.

ಗಿಟಾರು ಅವನ ಖಾಟಿನ ಪಕ್ಕದ ಗೋಡೆಗೆ ಒರಗಿ ನಿಂತಿತು. ತಂತಿ ಬಿಗಿಯಾಗಿಯೇ ಇತ್ತು. ಬಿರಡೆ ಅವನ ಬೆರಳು ಬಿಟ್ಟಲ್ಲೇ ನಿಂತಿತ್ತು. ಸಡಿಲಿಸಿದರೆ ಅವನು ಕೇಳಿದ ದನಿ ಹೋಗುತ್ತದೆ. ಮತ್ತೆ ಅಲ್ಲಿಗೇ ತಂದು ನಿಲ್ಲಿಸುವ ಕಿವಿ ನನಗಿಲ್ಲ. ಸಡಿಲಿಸದಿದ್ದರೆ ಬಿರುಕು ಬೆಳೆದು ಮರ ಬಿಡುತ್ತದೆ.

ಎಂಜಿನ್ನಿನ ಕೇಸಿಂಗ್ ಬಿರುಕು ಬಿಟ್ಟರೆ ನಾವು ಬಿರುಕಿನ ತುದಿಗೆ ಗುರುತು ಹಾಕಿ, ಮುಂದೆ ಬೆಳೆಯುತ್ತದೋ ನೋಡುತ್ತೇವೆ. ಇಲ್ಲಿಯೂ ಮೊಳೆಯಿಂದ ಗೀರಿದೆ. ಹದಿನೈದು ದಿನಕ್ಕೆ ಬಿರುಕು ಗೀರನ್ನು ದಾಟಿತು. ಇನ್ನೊಂದು ಗೀರು ಎಳೆದೆ. ಅದನ್ನೂ ದಾಟಿತು. ಕೆಲಸದ ನಡುವೆ ಒಳಗಿನಿಂದ ಟಪ್ ಎಂದಂತಾಗಿ ಸ್ಪ್ಯಾನರ್ ಹಿಡಿದೇ ಕೂತುಬಿಡುತ್ತಿದ್ದೆ. ಎದ್ದು ನೋಡಲು ಧೈರ್ಯವಿರಲಿಲ್ಲ.

ಚಾಚಾ ಒಂದು ದಿನ ಅಂಟಿನ ಡಬ್ಬಿ, ಬಿಗಿಯುವ ಎರಡು ಕ್ಲ್ಯಾಂಪು ತಂದು ಹೊಸ್ತಿಲ ಬಳಿ ಇಟ್ಟರು. "ಬಿರಡಿ ನೀನ ತಿರುವು. ನಾ ಮುಟ್ಟೂದಿಲ್ಲ" ಎಂದು ಹೋದರು. ಒಂದು ವಾರ ಅವು ಅಲ್ಲೇ ಇದ್ದವು.

ನಿನ್ನೆ ಬಿರುಕು ತಂತಿ ಕಟ್ಟುವ ತಗಡಿನ ಸ್ಕ್ರೂ ಮುಟ್ಟಿತ್ತು. ನಾನು ಅವನಂತೆಯೇ ಖಾಟಿನ ಮೇಲೆ ಮಲಗಿ, ದವಡೆ ಆನಿಸಿ, ಮೊದಲ ಸಲ ಮೀಟಿದೆ. ಎದೆಯೊಳಗೆ ತಗ್ಗು ದನಿ ಬಂತು. ಅದರ ಜೊತೆಗೆ ಇನ್ನೊಂದು, ತೆಳ್ಳಗೆ, ಸಡಿಲಾದ ನಟ್ಟು ನಡುಗಿದಂತೆ. ಬಿರುಕಿನ ದನಿ. ಮತ್ತೆ ಮೀಟಿದೆ. ಮತ್ತೂ ಬಂತು.

ಅವನು ಕೇಳಿದ್ದು ಇದಲ್ಲ.

ಚಾಚಾನನ್ನು ಕರೆದೆ. ಅವರು ಬಂದು ಬಾಗಿಲಲ್ಲೇ ನಿಂತರು. ನಾನು ಬಿರಡೆಯನ್ನು ಹಿಡಿದು ಹಿಂದಕ್ಕೆ ತಿರುವಿದೆ.