ಮುಳ್ಳಪ್ಪನೂ ಕೊಳಲಿನ ಉಸಿರೂ

ಹಾಡು ಕೇಳಬೇಕೆಂದು ರೆಕಾರ್ಡ್ ಪ್ಲೇಯರ್ ಕೊಳ್ಳುವವರು ಒಂದು ಬಗೆ. ಪ್ಲೇಯರ್ ಸರಿಯಿದೆಯೋ ಇಲ್ಲವೋ ನೋಡಬೇಕೆಂದು ಹಾಡು ಕೇಳುವವರು ಇನ್ನೊಂದು ಬಗೆ. ನಮ್ಮ ಮುಳ್ಳಪ್ಪ ಮೊದಲನೆಯ ಬಗೆಯವನಾಗಿ ಹೊರಟು ಎರಡನೆಯ ಬಗೆಯವನಾಗಿ ಬಂದು ನಿಂತವನು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಯಾರು ಸಿಕ್ಕರೂ ರೆಕಾರ್ಡಿನ ಮುಳ್ಳಿನ ಮಾತನ್ನೇ ತೆಗೆಯುವವನಿಗೆ ಆ ಹೆಸರು ಎಷ್ಟು ದಿನ ಉಳಿದೀತು? ಮೊದಲು ಅವನು ಕೆಲಸಕ್ಕಿದ್ದ ಅಚ್ಚಿನ ಪ್ರೆಸ್ಸಿನವರು ಮುಳ್ಳಪ್ಪ ಎಂದರು, ಆಮೇಲೆ ಬೀದಿಯವರು ಎಂದರು, ಕೊನೆಗೆ ಹೆಂಡತಿಯ ತವರಿನವರೂ ಬೆನ್ನ ಹಿಂದೆ ಹಾಗೇ ಎನ್ನತೊಡಗಿದರು.

ಹೊಟ್ಟೆಪಾಡಿಗೆ ಅವನು ಪ್ರೆಸ್ಸಿನಲ್ಲಿ ಮೆಷಿನ್ ಓಡಿಸುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಅದು ಕಾಗದ ನುಂಗುತ್ತ ಉಗುಳುತ್ತ ಧಡಬಡ ಎನ್ನುತ್ತಿತ್ತು. ಪಕ್ಕದವನೊಡನೆ ಮಾತಾಡಬೇಕಾದರೂ ಕೈಸನ್ನೆಯೇ ಗತಿ. ಕಿವಿಗೆ ಹತ್ತಿ ಇಟ್ಟುಕೋ ಎಂದು ಮಾಲೀಕರು ಹೇಳಿದರೆ, "ಮೆಷಿನ್ ಎಲ್ಲಿ ಕೆಮ್ಮುತ್ತೆ ಅಂತ ಕಿವಿಗೆ ಗೊತ್ತಾಗ್ಬೇಕಲ್ಲ ಸ್ವಾಮಿ" ಎಂದು ಹತ್ತಿಯನ್ನು ಜೇಬಿಗೆ ಸೇರಿಸುತ್ತಿದ್ದ. ಮನೆಗೆ ಬಂದ ಹತ್ತಿ ರೆಕಾರ್ಡಿನ ಧೂಳು ಒರೆಸುತ್ತಿತ್ತು.

ಮೊದಲ ಪ್ಲೇಯರ್ ಗುಜರಿ ಅಂಗಡಿಯದು. ಮುಚ್ಚಳದಲ್ಲೇ ಸ್ಪೀಕರ್ ಇದ್ದ ಪೆಟ್ಟಿಗೆ. ಅದರ ಮುಳ್ಳು ರೆಕಾರ್ಡನ್ನು ನುಡಿಸುವುದಕ್ಕಿಂತ ಉಳುತ್ತಿತ್ತು ಎನ್ನುವುದೇ ಸರಿ. ಜೊತೆಗೆ ಬಂದದ್ದು ಒಂದು ಕೊಳಲಿನ ರೆಕಾರ್ಡು. ಕೆಲವು ವರ್ಷಗಳ ನಂತರ ಬೆಲ್ಟಿನಿಂದ ತಿರುಗುವ, ಹಗುರ ತೋಳಿನ ಪ್ಲೇಯರೊಂದನ್ನು ಯಾರದೋ ಮನೆಯಿಂದ ತಂದ. ಅದೇ ಕೊಳಲನ್ನು ಹಾಕಿದವನು ಕುಳಿತಲ್ಲಿಂದ ಎದ್ದು ನಿಂತ.

"ಇವಳೇ, ಬಾ ಇಲ್ಲಿ! ಊದೋಕೆ ಮುಂಚೆ ಉಸಿರು ಎಳ್ಕೋತಾನೆ ನೋಡು, ಅದು ಕೇಳಿಸ್ತಿದೆ ಕಣೇ!"

"ಉಸಿರಾಡದೆ ಕೊಳಲು ಊದೋಕಾಗುತ್ತೇನ್ರೀ?" ಎಂದು ಹೆಂಡತಿ ಒಗೆದ ಬಟ್ಟೆ ಹಿಂಡುತ್ತಲೇ ಕೇಳಿದಳು.

ಆಡಿಕೊಂಡವರು ಆಡಿಕೊಳ್ಳಲಿ, ಮುಳ್ಳಪ್ಪನಿಗೆ ಹುಚ್ಚು ಹಿಡಿದದ್ದು ಅಂದೇ. ಒಳ್ಳೆಯ ಪ್ಲೇಯರ್ ಬಂದ ಮೇಲೆ ಆಂಪ್ಲಿಫೈಯರಿನ ಬಣ್ಣ ಬಯಲಾಯಿತು. ಆಂಪ್ಲಿಫೈಯರ್ ಬದಲಿಸಿದರೆ ಸ್ಪೀಕರಿನ ಯೋಗ್ಯತೆ ತಿಳಿಯಿತು. ಸ್ಪೀಕರ್ ಸುಧಾರಿಸುವಷ್ಟರಲ್ಲಿ ಯಾರಾದರೂ ನಡೆದರೆ ಅವರ ಮಹಡಿ ಮನೆಯ ಮರದ ನೆಲ ನಡುಗಿ ಮುಳ್ಳು ಹಾರತೊಡಗಿತು. ಪ್ರೆಸ್ಸಿನಲ್ಲಿ ಹಿಂದೆ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಚಪ್ಪಟೆ ಕಲ್ಲೊಂದು ಮೂಲೆಗೆ ಬಿದ್ದಿತ್ತು. ಅದನ್ನು ಮಹಡಿಗೆ ಹೊರಿಸಿ ತಂದು ಪ್ಲೇಯರಿನ ಅಡಿಗೆ ಇಟ್ಟ.

"ಬೀರು ತನ್ನಿ ಅಂದ್ರೆ ಮಹಡಿ ತಡೆಯಲ್ಲ ಅಂದ್ರಿ. ಇದನ್ನ ತಡೆಯುತ್ತಾ?" ಎಂದಳು ಹೆಂಡತಿ. ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಒಂದೊಂದು ಬದಲಾವಣೆಗೂ ಆ ಉಸಿರು ಹತ್ತಿರವಾಗುತ್ತ, ಕೊನೆಗೆ ಕೊಳಲಿನವನು ಎದುರಿನ ಕುರ್ಚಿಯಲ್ಲೇ ಬಂದು ಕುಳಿತಂತಾಗಿತ್ತು. ಅದರ ಮುಂದೆ ಬೀರು ಯಾವ ಲೆಕ್ಕ!

ನಿವೃತ್ತನಾದ ಮೇಲೆ ದಿನವಿಡೀ ಕೇಳಬಹುದೆಂದು ಹಿಗ್ಗಿದ್ದ. ಆಗಲೇ ಕಳ್ಳತನವಾಯಿತು. ಒಂದು ಸಂಜೆ ಕೊಳಲೇನೋ ನುಡಿಯಿತು, ಉಸಿರು ಮಾತ್ರ ಇಲ್ಲ. ರೆಕಾರ್ಡು ತೊಳೆದ, ಇಲ್ಲ. ಮುಳ್ಳು ಬದಲಿಸಿದ, ಇಲ್ಲ. ಮುಳ್ಳು ಸಿಕ್ಕಿಸುವ ಕಾರ್ಟ್ರಿಜ್ಜನ್ನೇ ಬದಲಿಸಿದ, ವೈರುಗಳನ್ನು ಕಿತ್ತು ಹೊಸದು ಹಾಕಿದ. ಹಿಡಿದ ಹಟ ಬಿಡುವ ಜಾತಿಯೇ ಅಲ್ಲ ಅವನದು. ಹೋದದ್ದು ತನ್ನ ಮನೆಯೊಳಗಿನ ಯಾವುದೋ ಬಿಡಿಭಾಗದಲ್ಲೇ ಅಡಗಿದೆ, ಹುಡುಕಿ ತೆಗೆದೇ ಸಿದ್ಧ ಎಂದು ಸ್ಕ್ರೂಡ್ರೈವರ್ ಹಿಡಿದು ಕುಳಿತುಬಿಟ್ಟ. ಆಂಪ್ಲಿಫೈಯರಿನಲ್ಲಿ ಕೀರಲು ಸಣ್ಣ ಸದ್ದು ಹೆಚ್ಚಿಸುವ ತಿರುಪನ್ನು ಕೊನೆಯವರೆಗೂ ತಿರುಗಿಸಿಟ್ಟ. ಕೆಳಗಿನ ಮನೆಯವರು ಕಿಟಕಿ ಮುಚ್ಚಿಕೊಂಡರು.

ಉಳಿದದ್ದು ಸ್ಪೀಕರಿನ ಪೆಟ್ಟಿಗೆ. ಹೆಂಡತಿಯ ತಮ್ಮ ಬಡಗಿ. ಒಣಗಿದ ಹಲಗೆಯಲ್ಲಿ ಹೊಸ ಪೆಟ್ಟಿಗೆಗಳನ್ನು ಮಾಡಿ ತಂದು ಜೋಡಿಸಿದ. ಮುಳ್ಳಪ್ಪ ಕೊಳಲು ಹಾಕಿದನೋ ಇಲ್ಲವೋ, ಬಡಗಿ ಎರಡೂ ಕಿವಿ ಮುಚ್ಚಿಕೊಂಡ.

"ಭಾವ, ಏನಿದು! ಕಿವಿಗೆ ದಬ್ಬಳ ಚುಚ್ಚಿದ ಹಾಗಿದೆ. ಕಮ್ಮಿ ಮಾಡಿ!"

"ಉಸಿರೆಲ್ಲಿ ಹೇಳು ಮೊದ್ಲು."

"ಉಸಿರಾ? ಹಾವು ಬುಸುಗುಟ್ಟಿದ ಹಾಗೆ ಬೀದಿಗೆಲ್ಲ ಕೇಳಿಸ್ತಿದೆಯಲ್ಲ!"

"ಸುಳ್ಳು. ಹಸಿ ಮರ ತಂದಿದ್ದೀಯ ನೀನು."

ಕಸುಬಿನ ಮೇಲೆ ಮಾತು ಬಂದರೆ ಯಾವ ಬಡಗಿ ಸುಮ್ಮನಿದ್ದಾನು? "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೆಲ ನೆಟ್ಟಗೇ ಇದೆ ಭಾವ. ಮೊದ್ಲು ಕಿವಿ ತೋರಿಸ್ಕೊಳ್ಳಿ" ಎಂದವನೇ ಉಳಿ ಸುತ್ತಿಗೆ ಎತ್ತಿಕೊಂಡು ಹೊರಟುಹೋದ.

ಮುಳ್ಳಪ್ಪ ಹೆಂಡತಿಯ ಕಡೆ ತಿರುಗಿದ. "ನಿನಗೆ ಉಸಿರು ಕೇಳಿಸ್ತಿದೆಯಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಯಾವತ್ತಿಂದ?"

"ಅದು ನಿಂತಿದ್ದಾದ್ರೂ ಯಾವತ್ತು?" ಅವಳು ಕೂಗಿಯೇ ಹೇಳಿದಳು.

"ಮತ್ತೆ ಹೇಳ್ಬಾರದಾಗಿತ್ತಾ?"

"ಹೇಳಿದ್ದೆ. ನಿಮಗೆ ಕೇಳಿಸ್ಲಿಲ್ಲ. ಅದನ್ನೇ ಕೂಗಿ ಹೇಳೋಕೆ ಮನಸ್ಸು ಬರ್ಲಿಲ್ಲ."

ಮುಳ್ಳಪ್ಪನಿಗೆ ಭಯವಾಯಿತು. ಮೆಷಿನ್ನಿಗೆ ಹೆದರದವನು, ಮಾಲೀಕನಿಗೆ ಹೆದರದವನು, ತನ್ನ ತಲೆಯ ಎರಡು ಬದಿಗೆ ಅಂಟಿಕೊಂಡಿದ್ದ ಕಿವಿಗಳಿಗೆ ಹೆದರಿದ. ಅಂಗಡಿಯಲ್ಲಿ ಸಿಗುವ ಭಾಗಗಳನ್ನೆಲ್ಲ ಬದಲಿಸಿದ್ದ. ಇವು ಯಾವ ಅಂಗಡಿಯಲ್ಲಿ ಸಿಕ್ಕಾವು?

ಮರುದಿನ ಕಿವಿಯ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ಕೂರಿಸಿದರು. ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಸದ್ದು ಬರಲಿ ಎಂದು ಅವನು ಕಾದೇ ಕಾದ. ಹೊರಗೆ ಕೂತ ಹೆಂಡತಿಗೆ, ಕಿವಿ ಪರೀಕ್ಷಿಸುವ ಹೆಂಗಸಿನ ಮುಖ ನೋಡಿಯೇ ಸದ್ದುಗಳು ಬಂದು ಹೋಗುತ್ತಿವೆ ಎಂದು ಗೊತ್ತಾಯಿತು.

"ದಪ್ಪ ಸದ್ದು ಕೇಳುತ್ತೆ ಸರ್, ಸಣ್ಣ ಸದ್ದು ಹೋಗಿದೆ. ಮೆಷಿನ್ ಪಕ್ಕ ಕೆಲಸ ಮಾಡಿದವರಿಗೆ ಹೀಗಾಗುತ್ತೆ. ಹೋಗಿದ್ದು ವಾಪಸ್ ಬರಲ್ಲ. ಉಳಿದಿದ್ದನ್ನ ದೊಡ್ಡದು ಮಾಡಿ ಕೇಳಿಸ್ಬಹುದು."

ಕೊಟ್ಟ ಶ್ರವಣಯಂತ್ರಗಳನ್ನು ಅವನು ರೆಕಾರ್ಡ್ ಹಾಕುವಾಗ ಮಾತ್ರ ಕಿವಿಗೆ ಇಟ್ಟುಕೊಳ್ಳುತ್ತಿದ್ದ. ಕೊಳಲು ತಗಡಿನ ಪೀಪಿಯಾಗಿತ್ತು. ಬೇರೆ ಯಾರಾಗಿದ್ದರೂ ಅವನ್ನು ಡ್ರಾಯರಿಗೆ ಎಸೆದು ಹಣೆಬರಹ ಎಂದುಕೊಳ್ಳುತ್ತಿದ್ದರು. ಮುಳ್ಳಪ್ಪ ಅವನ್ನು ಅಂಗೈಯಲ್ಲಿಟ್ಟುಕೊಂಡು ತಿರುವಿ ತಿರುವಿ ನೋಡಿದ. ಇದರಲ್ಲಿರುವುದೂ ಒಂದು ಮೈಕು, ಒಂದು ಆಂಪ್ಲಿಫೈಯರು, ಒಂದು ಸ್ಪೀಕರು ತಾನೆ? ಕೂತು ಹೊಂದಿಸದೆ ಯಾವ ಸೆಟ್ಟು ತಾನೇ ಮೊದಲ ದಿನ ಚೆನ್ನಾಗಿ ಹಾಡಿತ್ತು?

ಬಡಗಿಯ ಮನೆಗೆ ಹೋಗಿ, "ನಿನ್ನ ನೆಲ ನೆಟ್ಟಗಿದೆ ಮಾರಾಯ, ಗಾಡಿ ತೆಗಿ" ಎಂದ. ಪ್ಲೇಯರು, ಆಂಪ್ಲಿಫೈಯರು, ಹೊಸ ಪೆಟ್ಟಿಗೆಗಳು ಎಲ್ಲವನ್ನೂ ಗಾಡಿಗೇರಿಸಿದರು. ಕಲ್ಲೂ ಹೊರಡಲಿ ಎಂದವನನ್ನು ಹೆಂಡತಿ ಗದರಿಸಿ ತಡೆದಳು.

"ಏನ್ ಸರ್ ಇದು, ಮನೆ ಖಾಲಿ ಮಾಡಿದ್ರಾ?" ಎಂದು ಆಸ್ಪತ್ರೆಯ ಹೆಂಗಸು ಬೆರಗಾಗಿ ಕೇಳಿದಳು.

"ನೀವು ಮಾತಿಗೆ ಸೆಟ್ ಮಾಡಿ ಕೊಟ್ಟಿದ್ದೀರಿ ಮೇಡಂ. ಈ ವಯಸ್ಸಲ್ಲಿ ಮಾತು ಯಾರಿಗೆ ಬೇಕು? ಕೊಳಲಿಗೆ ಸೆಟ್ ಮಾಡಿ. ಆಗೋವರೆಗೆ ನಾನು ಇಲ್ಲಿಂದ ಏಳಲ್ಲ."

ಆಕೆ ನಕ್ಕು ಕಂಪ್ಯೂಟರಿನ ಮುಂದೆ ಕುಳಿತಳು. ಅವನು ಮುಳ್ಳು ಇಡುವುದು, ಆಕೆ ಏನನ್ನೋ ಏರಿಸಿ ಇಳಿಸುವುದು, ಅವನು ಅಡ್ಡಡ್ಡ ತಲೆಯಾಡಿಸುವುದು ನಡೆದೇ ಇತ್ತು. ಆಕೆಗೆ ಸಾಕಾಗಿ ನೀರು ಕುಡಿದು ಬಂದಳು. ಅವನಿಗೆ ಸಾಕಾಗಲಿಲ್ಲ. ಕೊನೆಗೂ, ಸ್ವರಕ್ಕೆ ಒಂದು ಗಳಿಗೆ ಮುಂಚೆ, ತೆಳ್ಳಗೆ ಉಸಿರು ಬಂತು. ಹಿಂದಿನಂತಿರಲಿಲ್ಲ, ಸೊರಗಿತ್ತು, ಆದರೂ ಅದೇ. ಸಾಕು, ಇಷ್ಟಕ್ಕೇ ಬಿಡಿ ಎನ್ನಲು ಮುಳ್ಳಪ್ಪ ಕೈಯೆತ್ತಿದ.

ಜೊತೆಗೆ ಬಂದು ಅವನ ಬೆನ್ನ ಹಿಂದೆ ಕೂತಿದ್ದ ಹೆಂಡತಿ ತನ್ನ ತಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು: "ಇನ್ನು ಕೂಗೋದು ತಪ್ಪಿದ್ರೆ ಸಾಕು ಕಣೋ. ಗಂಟಲು ಹುಣ್ಣಾಗಿದೆ."

ಒಡೆದ, ಒಣಗಿದ ದನಿ. ಎಷ್ಟೋ ದಿನದಿಂದ ಅವನು ಅವಳ ಕೂಗನ್ನಷ್ಟೇ ಕೇಳಿದ್ದ. ಅವಳ ದನಿ ಹೀಗಾಗಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಕೊಳಲು ನುಡಿಯುತ್ತಿದ್ದಂತೆಯೇ ಮುಳ್ಳೆತ್ತಿದ.

"ನಿನ್ನ ಗಂಟಲು ಯಾವಾಗಿಂದ ಹೀಗಿದೆ?"

ಅವಳು ಬೆಚ್ಚಿದಳು. "ನೀವು ಮುಳ್ಳು ಬದಲಿಸೋಕೆ ಶುರು ಮಾಡಿದಾಗಿಂದ" ಎಂದಳು.

ಮುಳ್ಳಪ್ಪ ತನ್ನ ಕುರ್ಚಿಯನ್ನು ಪ್ಲೇಯರಿನ ಮುಂದಿನಿಂದ ಎಳೆದು ತಂದು ಅವಳೆದುರು ಹಾಕಿ ಕುಳಿತ.

"ಮೇಡಂ, ಕೊಳಲು ಆಮೇಲೆ. ಮೊದ್ಲು ಇವಳ ಗಂಟಲಿಗೆ ಸೆಟ್ ಮಾಡಿ. ಆಗೋವರೆಗೆ ನಾನು ಏಳಲ್ಲ." ಹೆಂಡತಿಯ ಕಡೆ ಬಾಗಿದ. "ಮಾತಾಡು."

"ಏನು ಮಾತಾಡ್ಲಿ?"

"ಏನಾದ್ರೂ ಮಾತಾಡು. ಕೂಗಬೇಡ."