ಸೂರತ್ ಸ್ಟೇಷನ್ನಿನಲ್ಲಿ ಉಳಿದವರು

ನನ್ನ ಗಂಡನಿಗೆ ದೇವರ ಮೇಲೆ ಅಂಥ ನಂಬಿಕೆ ಇರಲಿಲ್ಲ. ಆದರೆ ಜಗತ್ತಿನಲ್ಲಿ ಪ್ರತಿಯೊಂದೂ ಮೊದಲೇ ನಿಗದಿಯಾದ ದಾರಿಯಲ್ಲಿ ನಡೆಯುತ್ತದೆ ಎಂಬುದರಲ್ಲಿ ಮಾತ್ರ ಎಳ್ಳಷ್ಟೂ ಅನುಮಾನವಿರಲಿಲ್ಲ. ಸೂರತ್ತಿನ ಪಾಂಡೇಸರಾದ ಒಂದು ಮಿಲ್ಲಿನಲ್ಲಿ ಅವರು ಬಟ್ಟೆಗೆ ಬಣ್ಣ ಕೊಡಿಸುವ ಡೈಯಿಂಗ್ ಮಾಸ್ಟರ್. ಎಷ್ಟು ಬಣ್ಣ, ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದರ ಮೇಲೆ ಬಟ್ಟೆಯ ರಂಗು ನಿಂತಿದೆ, ಮನುಷ್ಯನದೂ ಅಷ್ಟೇ ಎನ್ನುತ್ತಿದ್ದರು. ಮದುವೆಯಾಗಿ ಗದಗದಿಂದ ಬಂದ ನನಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಹಾಗಾದರೆ ಇವತ್ತು ನಾನು ಮಾಡುವ ಪಲ್ಯವೂ ಮೊದಲೇ ನಿಗದಿಯಾಗಿದೆಯೋ ಎಂದರೆ, ಆಗಿದೆ, ಏನೆಂದು ನನಗೆ ತಿಳಿದಿಲ್ಲ, ಅದಕ್ಕೇ ತಾಟಿನ ಮುಂದೆ ಕೂರಲು ಇಷ್ಟು ಖುಷಿ ಎಂದು ನಗುತ್ತಿದ್ದರು.

ತೊಂಬತ್ತನಾಲ್ಕರಲ್ಲಿ ಸೂರತ್ತಿಗೆ ಪ್ಲೇಗು ಬಂತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಊರಿಗೆ ಊರೇ ಗುಳೆ ಎದ್ದಿತು, ಅಂಗಡಿಗಳಲ್ಲಿ ಮಾತ್ರೆ ಸಿಗದಾಯಿತು. ಪಕ್ಕದ ಮನೆಯಲ್ಲಿದ್ದ ವಿಜಾಪುರದ ವಿಮೆ ಕಚೇರಿಯವರು, ಹಣೆಯಲ್ಲಿ ಬರೆದಿದ್ದರೆ ಎಲ್ಲಿ ಹೋದರೂ ಬಿಡುವುದಿಲ್ಲ, ಯಾಕೆ ಓಡಬೇಕು ಎಂದರು. ಇವರೂ ಹೂಂ ಎನ್ನುತ್ತಾರೆಂದು ನಾನು ಹೆದರಿದ್ದೆ. ಇವರು ಅವರ ಮೇಲೇ ರೇಗಿದರು.

"ಎಲ್ಲಾ ನಿಗದಿ ಆಗೇದ ಅಂತ ಬಣ್ಣ ಹಾಕದ ಕುಂತ್ರ ಅರಿವಿ ಬೆಳ್ಳಗ ಉಳೀತದ. ನಮ್ಮ ಮನಿ ಮಂದಿ ಗಾಡಿ ಹತ್ತೂದೂ ಅದರಾಗ ಸೇರೇದ."

ನನ್ನನ್ನೂ ಎರಡು ವರ್ಷದ ಮಗಳನ್ನೂ ಮುಂಬೈ ಗಾಡಿಗೆ ಹತ್ತಿಸಲು ಕರೆದುಕೊಂಡು ಹೋದರು. ಅವರೂ ಬರುತ್ತಾರೆಂದೇ ನಾನು ಅವರ ಬಟ್ಟೆಯನ್ನೂ ತುಂಬಿಕೊಂಡಿದ್ದೆ. ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲಲ್ಲಿ ನನ್ನನ್ನು ಒಳಗೆ ನೂಕಿ, ಮಗುವನ್ನು ಕಿಟಕಿಯಿಂದ ಕೊಟ್ಟರು, ತಾವು ಕೆಳಗೇ ನಿಂತರು. ಒಡಿಶಾದ ಕೆಲಸಗಾರರು ಕೆಲವರು ಊರಿಗೆ ಹೋಗಲಾಗದೆ ಮಿಲ್ಲಿನ ಹಿಂದಿನ ಖೋಲಿಗಳಲ್ಲಿ ಉಳಿದಿದ್ದರಂತೆ, ಅವರನ್ನು ಕೆಲಸಕ್ಕೆಂದು ಸೂರತ್ತಿಗೆ ಕರೆತಂದವರು ಇವರೇ, ಬಿಟ್ಟು ಬರಲಾರೆ ಎಂದರು. ನಿಮ್ಮ ಮಾತಿನ ಪ್ರಕಾರ ನೀವೂ ಹತ್ತಬೇಕಲ್ಲ ಎಂದು ಕೂಗಿದೆ. ಕಿಟಕಿಯಿಂದ ಮಗಳ ಕಾಲು ಹಿಡಿದು ನಿಂತರು. ಗಾಡಿ ಬಿಟ್ಟಿತು.

ಗದಗದಲ್ಲಿ ದಿನಾ ಪೇಪರಿನವನ ದಾರಿ ಕಾದೆ. ಫೋನ್ ಮಾಡಿದರೆ ಮಿಲ್ಲಿನಲ್ಲಿ ಎತ್ತುವವರಿಲ್ಲ. ಕೊನೆಗೊಂದು ಮಧ್ಯಾಹ್ನ ಸೊರಗಿದ ಮುಖ ಹೊತ್ತು ಬಂದರು, ಜ್ವರವಿರಲಿಲ್ಲ, ಹಸಿವಿತ್ತು. ತಾಟನ್ನು ಅವರ ಮುಂದೆ ಕುಕ್ಕಿ ಬಡಿಸಿದೆ. ಊಟ ಮುಗಿದ ಮೇಲೆ, ಅದೇ ದಿನ ಮತ್ತೆ ಬಂದರೆ ಗಾಡಿ ಹತ್ತುತ್ತೀರಾ ಎಂದು ಕೇಳಿದೆ. ಸುಳ್ಳಾದರೂ ಹೂಂ ಅನ್ನಬಹುದಿತ್ತು. ಅನ್ನಲಿಲ್ಲ.

"ಅದೇ ಊರು, ಅದೇ ಮಂದಿ, ಅದೇ ನಾನು ಇದ್ರ ಮತ್ತ ಅಲ್ಲೇ ನಿಂದರತೇನಿ. ನೀನೂ ಮತ್ತ ಹಿಂಗ ಸಿಟ್ಟಾಗತಿ. ಆದ್ರ ಮತ್ತ ನಿನ್ನನ್ನಽ ಲಗ್ನ ಆಗತೇನಿ, ಅದನ್ನೂ ಲೆಕ್ಕಕ್ಕ ಹಿಡಿ."

ಆಮೇಲೆ ಬಹಳ ವರ್ಷ ಸೂರತ್ತಿನಲ್ಲೇ ಇದ್ದೆವು. ಜಗಳವಾಡಿದೆವು, ಸುಖವಾಗಿಯೂ ಇದ್ದೆವು. ಹೋದ ವರ್ಷ ಅವರು ತೀರಿಕೊಂಡಾಗ ಬಂದ ನೆಂಟರು ಆ ಆಸ್ಪತ್ರೆಗೆ ಒಯ್ದಿದ್ದರೆ, ಆ ಮಿಲ್ಲು ಬಿಟ್ಟಿದ್ದರೆ ಉಳಿಯುತ್ತಿದ್ದರು ಎಂದು ಶುರುಮಾಡಿದರು. ನಾನು ಚಹಾ ತರುವ ನೆಪದಲ್ಲಿ ಎದ್ದುಬಿಟ್ಟೆ. ಎಲ್ಲ ಮೊದಲಿನಿಂದ ಇದ್ದ ಹಾಗೇ ಮತ್ತೊಮ್ಮೆ ನಡೆಯಲಿ, ಪ್ಲೇಗೂ ಬರಲಿ, ನನಗೆ ಅವರು ಬೇಕು. ಆ ದಿನವನ್ನು ನೆನೆದಾಗಲೆಲ್ಲ ಅವರು ಕೆಳಗೇ ನಿಲ್ಲುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಪ್ರತಿ ಸಲವೂ ಕಿಟಕಿಯಿಂದ ಕೈ ಚಾಚಿ, ಬರ್ರಿ, ಗಾಡಿ ಹತ್ರಿ ಎಂದು ಕರೆಯುತ್ತೇನೆ.