ಪಾಸ್ತಾ ಹಾಳೆಯ ಕಪ್ಪು ದಡಿ

ಆ ಭಾನುವಾರ ಮಧ್ಯಾಹ್ನದ ಊಟಕ್ಕೆ ಬೀಗರು ಬರುವವರಿದ್ದರು. ಮೈಸೂರಿನವರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಗನ ಮದುವೆಯ ನಂತರ ಧನಕವಡಿಯ ನಮ್ಮ ಮನೆಗೆ ಇದೇ ಮೊದಲ ಸಲ. ನಾನೋ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಲೇಥ್ ಹಿಡಿದವನು. ಸೊಸೆ ಫೋನಿನಲ್ಲಿ ತನ್ನ ಅಪ್ಪನಿಗೆ, "ಪಾಸ್ತಾ ಮಾವನೇ ಮಾಡ್ತಾರಪ್ಪ, ಯಾವ ಮಷೀನಾದ್ರೂ ಅವರ ಮಾತು ಕೇಳತ್ತೆ" ಎಂದುಬಿಟ್ಟಿದ್ದಳು. ನಾನೂ ಹೂಂ ಅಂದಿದ್ದೆ. ಅಂದ ಮೇಲೆ ಮುಗಿಯಿತು.

ಮಷೀನು ಹಿಂದಿನ ದಿನವಷ್ಟೇ ಕ್ಯಾಂಪ್ ಪೇಟೆಯ ಅಂಗಡಿಯಿಂದ ಬಂದಿತ್ತು. ಎರಡು ಉಕ್ಕಿನ ರೋಲರು, ಒಂದು ಹ್ಯಾಂಡಲ್, ಸಂದು ಕಿರಿದು ಮಾಡಲು ಒಂದು ತಿರುಗಣಿ. ಇದರಲ್ಲಿ ತಿಳಿಯದ್ದೇನಿದೆ? ಜೊತೆಗಿದ್ದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಓದಿ ಹೇಳು ಎಂದು ಸೊಸೆಯನ್ನು ಕೇಳಲು ಮನಸ್ಸು ಒಪ್ಪಲಿಲ್ಲ. ಬೆಳಿಗ್ಗೆ ಎದ್ದವನೇ, ಹೊಸ ಯಂತ್ರಕ್ಕೆ ಯಾವ ಫಿಟ್ಟರಾದರೂ ಮಾಡುವುದನ್ನೇ ಮಾಡಿದೆ: ರೋಲರಿಗೆ ಎಣ್ಣೆ ಬಿಟ್ಟೆ. ತಿನ್ನುವ ವಸ್ತುವಲ್ಲವೇ ಎಂದು ಶೇಂಗಾ ಎಣ್ಣೆಯನ್ನೇ ಬಿಟ್ಟೆ, ಅಷ್ಟು ಬುದ್ಧಿವಂತ.

ಮೈದಾ, ಚಿರೋಟಿ ರವೆ ಗಟ್ಟಿಯಾಗಿ ನಾದಿ ನೆನೆಯಲು ಇಟ್ಟಿದ್ದೆ. ಮೊದಲ ಉಂಡೆ ಹಾಕಿ ತಿರುಗಿಸಿದೆ. ಹಾಳೆ ಹೊರಬಂತು, ಅಂಚಿನುದ್ದಕ್ಕೂ ಕಪ್ಪು ಪಟ್ಟೆ. ಎರಡನೆಯದಕ್ಕೂ ಅದೇ. ಸಂದಿಯಲ್ಲಿದ್ದ ಕಾರ್ಖಾನೆಯ ಕೊಳೆಯನ್ನೆಲ್ಲ ಎಣ್ಣೆ ಎಳೆದು ತಂದಿತ್ತು.

ಹೆಂಡತಿ ಬಗ್ಗಿ ನೋಡಿದಳು. "ಏನ್ರಿ, ಬೀಗರಿಗೆ ಇಳಕಲ್ ಸೀರಿ ನೇಯಾಕತ್ತೀರೇನು? ದಡಿ ಭಾಳ ಚಂದ ಬಂದದ."

"ನೀ ಸುಮ್ನಿರು."

"ಸುಮ್ನ ಅದೀನ್ರಿ. ಅನ್ನ ಸಾರು ಮಾಡಿಬಿಡ್ಲೇನು?"

ಆ ಮಾತು ಚುಚ್ಚಿತು. ತೊಳೆದೇಬಿಡುತ್ತೇನೆ ಎಂದು ಮಷೀನು ಎತ್ತಿಕೊಂಡು ನಲ್ಲಿಯ ಕಡೆ ನಡೆದೆ. ಸೊಸೆ ಓಡಿ ಬಂದಳು.

"ಮಾವ, ಬೇಡ! ನೀರು ತಾಗಿದ್ರೆ ತುಕ್ಕು ಹಿಡಿಯತ್ತೆ."

"ಯಾರು ಹೇಳಿದ್ರು?"

"ಮ್ಯಾನ್ಯುಯಲ್‌ನಲ್ಲಿದೆ. ನಿನ್ನೇನೇ ಓದ್ದೆ. ನೀವು ಕೇಳ್ತೀರ ಅಂತ ಕಾಯ್ತಿದ್ದೆ."

ಮಷೀನನ್ನು ತಿರುಗಿ ಕಟ್ಟೆಯ ಮೇಲಿಟ್ಟೆ. "ಹಂಗಾರ ಓದವ್ವಾ. ಮೊದಲಿಂದ ಓದು."

ಅವಳು ನಿಂತೇ ಓದಿದಳು. ರೋಲರಿಗೆ ಎಣ್ಣೆಯೂ ಬೇಡ, ನೀರೂ ಬೇಡ. ಹಿಟ್ಟನ್ನೇ ಹಾಯಿಸಿ ಹಾಯಿಸಿ ಬಿಸಾಡಬೇಕು, ಕೊಳೆ ಬರುವುದು ನಿಲ್ಲುವವರೆಗೆ.

ಸರಿ. ಹಿಟ್ಟನ್ನು ಮಡಚಿ ಹಾಯಿಸಿದೆ, ತೆಗೆದು ಮತ್ತೆ ಮಡಚಿದೆ. ಕಪ್ಪು ಪಟ್ಟೆ ಬೂದು ಬಣ್ಣಕ್ಕೆ ತಿರುಗಿತು, ಬೂದು ಮಾಸಲಾಯಿತು. ತೋಳು ಸೆಳೆಯತೊಡಗಿತು. "ಸಾಕು ಮಾವ, ಬೆಳ್ಳಗಿದೆ" ಎಂದಳು ಸೊಸೆ. ನಮ್ಮ ವರ್ಕ್‌ಶಾಪಿನಲ್ಲಿ ಕಣ್ಣನ್ನು ನಂಬುವ ಪದ್ಧತಿಯಿಲ್ಲ. ಬಿಳಿ ಕರವಸ್ತ್ರದಿಂದ ರೋಲರು ಒರೆಸಿದೆ. ಕೂದಲೆಳೆಯಷ್ಟು ಗೆರೆ ಬಿತ್ತು. ಮತ್ತೆ ಹಾಯಿಸಿದೆ. ಇನ್ನೊಂದು ಕರವಸ್ತ್ರ ತರಿಸಿದೆ. ಅದು ಒರೆಸಿದ ಮೇಲೂ ಬೆಳ್ಳಗೇ ಉಳಿದ ಮೇಲೆಯೇ ಹೊಸ ಹಿಟ್ಟು ನಾದಲು ಕುಳಿತದ್ದು.

ಬಾಗಿಲ ಗಂಟೆ ಬಾರಿಸಿದಾಗ ಕೊನೆಯ ಹಾಳೆ ರೋಲರಿನಿಂದ ಇಳಿಯುತ್ತಿತ್ತು, ಕೆಳಗಿಟ್ಟ ಅಂಗೈಯ ಗೆರೆ ಕಾಣುವಷ್ಟು ತೆಳುವಾಗಿ. ಬೀಗರು ಸೀದಾ ಅಡುಗೆಮನೆಗೇ ಬಂದು ಕೈ ಮುಗಿದರು. ನನಗೆ ತಿರುಗಿ ಮುಗಿಯಲು ಕೈ ಖಾಲಿ ಇರಲಿಲ್ಲ.

"ಬರ್ರಿ ಬರ್ರಿ," ಎಂದು ಹಾಳೆಯ ತುದಿಯನ್ನು ಅವರತ್ತ ಚಾಚಿದೆ. "ಇಷ್ಟು ಹಿಡಕೋರ್ರಿ. ಹರೀಬಾರದು."

ಅವರು ಚೀಲ ನೆಲಕ್ಕಿಟ್ಟು, ಕೈ ತೊಳೆದು ಬಂದು, ಎರಡೂ ಕೈಯಲ್ಲಿ ಹಿಡಿದುಕೊಂಡರು.